ಔಷಧ ದಾನದ ಇನ್ನೊಂದು ದಾರಿ: ಡಾ. ಯಲ್ಲಾಪ್ರಗಡ ಸುಬ್ಬರಾವ್

ಶ್ರಾವಕರಿಗೆ ಹೇಳಿರುವ ನಾಲ್ಕು ದಾನಗಳಲ್ಲಿ ಔಷಧ ದಾನವೂ ಒಂದು. ಆಹಾರ, ಶಾಸ್ತ್ರ, ಅಭಯ ದಾನಗಳ ಸಾಲಿನಲ್ಲೇ ಅದಕ್ಕೂ ಸ್ಥಾನವಿದೆ. ಔಷಧ ದಾನವೆಂದರೆ ನಮ್ಮ ಕಣ್ಣ ಮುಂದೆ ಬರುವುದು ಬಸದಿಯ ಆವರಣದಲ್ಲಿ ನಡೆಯುವ ಉಚಿತ ತಪಾಸಣಾ ಶಿಬಿರ, ತ್ಯಾಗಿಗಳ ವಿಹಾರ ಕಾಲದಲ್ಲಿ ವೈಯಾವೃತ್ಯಕ್ಕೆ ಓಡಿ ಬರುವ ಊರಿನ ವೈದ್ಯರು. ಒಟ್ಟಿನಲ್ಲಿ ರೋಗಿಯ ಪಕ್ಕದಲ್ಲಿ ಕುಳಿತ ವೈದ್ಯರ ಚಿತ್ರ.

ಅದೇ ವೈದ್ಯರು ರೋಗಿಯ ಪಕ್ಕದಿಂದ ಎದ್ದು ಔಷಧ ಕಂಪನಿಗೆ ಹೋದರೆ? ಈ ಪ್ರಶ್ನೆ ಇಂದು ನಮ್ಮ ಸಮಾಜದ ಎಷ್ಟೋ ಮನೆಗಳ ಊಟದ ಹೊತ್ತಿನ ಚರ್ಚೆಯಾಗಿದೆ. ಮಗ ಅಥವಾ ಮಗಳು ಕಷ್ಟಪಟ್ಟು ಎಂ.ಬಿ.ಬಿ.ಎಸ್. ಮುಗಿಸಿ, ಕ್ಲಿನಿಕ್ ಇಡದೆ ಔಷಧ ಸಂಶೋಧನೆಗೋ ಕಂಪನಿಯ ವೈದ್ಯಕೀಯ ವಿಭಾಗಕ್ಕೋ ಹೋಗುತ್ತೇನೆಂದಾಗ, ಓದಿದ್ದೆಲ್ಲ ವ್ಯರ್ಥವಾಯಿತು ಎಂದು ಕೊರಗುವ ಹಿರಿಯರಿದ್ದಾರೆ. ಸೇವೆ ಬಿಟ್ಟು ವ್ಯಾಪಾರ ಹಿಡಿದರು ಎನ್ನುವವರೂ ಇದ್ದಾರೆ. ಆ ಮಾತು ಬಂದಾಗಲೆಲ್ಲ ನೆನಪಿಗೆ ಬರುವವರು ಡಾ. ಯಲ್ಲಾಪ್ರಗಡ ಸುಬ್ಬರಾವ್. ಅವರು ಜೈನರಲ್ಲ, ಆಂಧ್ರದ ತೆಲುಗು ಬ್ರಾಹ್ಮಣ ಕುಟುಂಬದವರು. ಆದರೆ ಅವರ ಕೈಕೆಳಗೆ ರೂಪುಗೊಂಡ ಒಂದಲ್ಲ ಒಂದು ಔಷಧ ನಮ್ಮ ಪ್ರತಿಯೊಂದು ಮನೆಯನ್ನೂ ಹೊಕ್ಕಿದೆ.

ದಕ್ಷಿಣ ಕನ್ನಡ, ಉಡುಪಿ, ಉತ್ತರ ಕನ್ನಡ, ಬಾಗಲಕೋಟೆ, ವಿಜಯಪುರ, ಕಲಬುರಗಿ, ಬೀದರ್, ರಾಯಚೂರು, ಯಾದಗಿರಿ ಜಿಲ್ಲೆಗಳ ಓದುಗರಿಗೆ ಒಂದು ಬಿಳಿ ಮಾತ್ರೆಯ ನೆನಪಿರಬಹುದು. ಆನೆಕಾಲು ರೋಗ ತಡೆಯಲು 2004ರಿಂದ ದೇಶದಾದ್ಯಂತ ನಡೆದ ಸಾಮೂಹಿಕ ಔಷಧ ಸೇವನೆ ಕಾರ್ಯಕ್ರಮದಲ್ಲಿ ಆರೋಗ್ಯ ಕಾರ್ಯಕರ್ತೆಯರು ಮನೆಮನೆಗೆ ಬಂದು, ಎದುರಿಗೇ ನುಂಗಿಸಿ ಹೋಗುತ್ತಿದ್ದ ಡಿ.ಇ.ಸಿ. ಮಾತ್ರೆ ಅದು. ಖಾಲಿ ಹೊಟ್ಟೆಯಲ್ಲಿ ಅದನ್ನು ಕೊಡುವಂತಿಲ್ಲ. ಹಾಗಾಗಿ ಅಷ್ಟಮಿ, ಚತುರ್ದಶಿಯ ಉಪವಾಸದವರ ಮನೆಗೆ ಅವರು ಇನ್ನೊಂದು ದಿನ ಬರಬೇಕಾಗುತ್ತದೆ. ಆ ಮಾತ್ರೆ ಹುಟ್ಟಿದ್ದು ಸುಬ್ಬರಾವ್ ಅವರು ಸಂಶೋಧನಾ ನಿರ್ದೇಶಕರಾಗಿದ್ದ ಅಮೆರಿಕದ ಪ್ರಯೋಗಶಾಲೆಯಲ್ಲಿ.

ಸನ್ಯಾಸ ಬಯಸಿದ ಹುಡುಗ

ಸುಬ್ಬರಾವ್ ಹುಟ್ಟಿದ್ದು 1895ರ ಜನವರಿ 12ರಂದು, ಆಗಿನ ಮದ್ರಾಸ್ ಪ್ರಾಂತ್ಯದ ಭೀಮಾವರಂನಲ್ಲಿ. ತಂದೆ ಜಗನ್ನಾಥಂ ಕಂದಾಯ ಇಲಾಖೆಯ ನೌಕರರು, ತಾಯಿ ವೆಂಕಮ್ಮ. ಏಳು ಮಕ್ಕಳಲ್ಲಿ ಇವರು ನಾಲ್ಕನೆಯವರು. ತಂದೆಯ ಆರೋಗ್ಯ ಕೆಟ್ಟು ಕೆಲಸ ಬಿಡಬೇಕಾಗಿ ಬಂದಾಗ ಮನೆಯಲ್ಲಿ ಬಡತನ ನೆಲೆಸಿತು. ಹುಡುಗನಿಗೆ ಓದಿನ ಮೇಲೆ ಮನಸ್ಸಿರಲಿಲ್ಲ. ಕಾಶಿಯಲ್ಲಿ ಯಾತ್ರಿಕರಿಗೆ ಬಾಳೆಹಣ್ಣು ಮಾರಿ ಹಣ ಮಾಡುತ್ತೇನೆಂದು ಹದಿಮೂರರ ವಯಸ್ಸಿನಲ್ಲಿ ಮನೆ ಬಿಟ್ಟು ಹೊರಟು, ದಾರಿಯಲ್ಲೇ ಸಿಕ್ಕಿಬಿದ್ದು ವಾಪಸಾದ. ಮೆಟ್ರಿಕ್ಯುಲೇಷನ್ ಪಾಸಾಗಲು ಮೂರು ಸಲ ಪರೀಕ್ಷೆಗೆ ಕೂರಬೇಕಾಯಿತು. ಮಕ್ಕಳ ಅಂಕಪಟ್ಟಿ ಹಿಡಿದು ಚಿಂತಿಸುವ ತಂದೆತಾಯಿಯರು ಇದನ್ನು ಗಮನಿಸಬಹುದು.

ಮದ್ರಾಸಿಗೆ ಬಂದ ಮೇಲೆ ರಾಮಕೃಷ್ಣ ಮಠದ ಒಡನಾಟ ಬೆಳೆದು, ಸನ್ಯಾಸಿಯಾಗಬೇಕೆಂಬ ಬಯಕೆ ಬಲವಾಯಿತು. ನಮ್ಮಲ್ಲಿ ದೀಕ್ಷೆಗೆ ಮುನ್ನ ಬಂಧುವರ್ಗದ ಒಪ್ಪಿಗೆ ಕೇಳುವಂತೆ ಅಲ್ಲಿಯೂ ತಾಯಿಯ ಅನುಮತಿ ಬೇಕಿತ್ತು. ವೆಂಕಮ್ಮ ಒಪ್ಪಲಿಲ್ಲ. ಮಠದ ಹಿರಿಯರು ಆತನಿಗೆ ವೈದ್ಯಕೀಯ ಓದಿ ರೋಗಿಗಳ ಸೇವೆ ಮಾಡುವ ದಾರಿ ತೋರಿಸಿದರು. ಹೀಗೆ ಮದ್ರಾಸ್ ಮೆಡಿಕಲ್ ಕಾಲೇಜು ಸೇರಿದರು. ಸ್ನೇಹಿತರು ಮತ್ತು ಕಸ್ತೂರಿ ಸೂರ್ಯನಾರಾಯಣ ಮೂರ್ತಿ ಎಂಬ ಹಿತೈಷಿಗಳು ಓದಿನ ಖರ್ಚಿಗೆ ನೆರವಾದರು. ಮೂರ್ತಿಯವರ ಮಗಳು ಶೇಷಗಿರಿಯೊಂದಿಗೆ 1919ರಲ್ಲಿ ಸುಬ್ಬರಾವ್ ಅವರ ವಿವಾಹ ನಡೆಯಿತು.

ಅದು ಗಾಂಧೀಜಿಯವರ ವಿದೇಶಿ ವಸ್ತು ಬಹಿಷ್ಕಾರದ ಕಾಲ. ಸುಬ್ಬರಾವ್ ಶಸ್ತ್ರಚಿಕಿತ್ಸಾ ಕೊಠಡಿಗೂ ಖಾದಿಯ ನಿಲುವಂಗಿಯನ್ನೇ ತೊಟ್ಟು ಹೋದರು. ಇಂಗ್ಲಿಷ್ ಪ್ರಾಧ್ಯಾಪಕರಿಗೆ ಅದು ಹಿಡಿಸಲಿಲ್ಲ. ಪರೀಕ್ಷೆಗಳನ್ನು ಚೆನ್ನಾಗಿ ಬರೆದಿದ್ದರೂ ಕೊನೆಗೆ ಕೈಗೆ ಸಿಕ್ಕಿದ್ದು ಪೂರ್ಣ ಎಂ.ಬಿ.ಬಿ.ಎಸ್. ಪದವಿಯಲ್ಲ, ಅದಕ್ಕಿಂತ ಕೆಳದರ್ಜೆಯ ಎಲ್.ಎಂ.ಎಸ್. ಸರ್ಕಾರಿ ವೈದ್ಯಕೀಯ ಸೇವೆಗೆ ಸೇರುವ ದಾರಿ ಮುಚ್ಚಿತು. ಒಂದು ಉಡುಪಿಗೆ ಇಷ್ಟು ದೊಡ್ಡ ಬೆಲೆ.

ಸಂಗ್ರಹಣಿಯ ಸಾವುಗಳು

ಇದರ ನಡುವೆಯೇ ಮನೆಯ ಮೇಲೆ ದೊಡ್ಡ ಪೆಟ್ಟು ಬಿತ್ತು. ಉಂಡದ್ದು ಮೈಗೆ ಹತ್ತದೆ, ಭೇದಿಯಲ್ಲೇ ದೇಹ ಸವೆದು, ರಕ್ತಹೀನತೆಯಿಂದ ಬಿಳಿಚಿ ಸಾಯುವ ಕಾಯಿಲೆಯೊಂದು ಆಗ ದಕ್ಷಿಣ ಭಾರತದಲ್ಲಿತ್ತು. ಇಂಗ್ಲಿಷಿನಲ್ಲಿ ಟ್ರಾಪಿಕಲ್ ಸ್ಪ್ರೂ ಎಂದು ಹೆಸರು. ನಮ್ಮ ಹಳ್ಳಿಗಳ ಹಿರಿಯರು ಸಂಗ್ರಹಣಿ ಎನ್ನುವ ರೋಗಕ್ಕೆ ಹತ್ತಿರದ್ದು. ಆ ರೋಗಕ್ಕೆ ಸುಬ್ಬರಾವ್ ಅವರ ಇಬ್ಬರು ಸೋದರರು ಕೆಲವೇ ದಿನಗಳ ಅಂತರದಲ್ಲಿ ಬಲಿಯಾದರು. ಆಧುನಿಕ ವೈದ್ಯಕೀಯ ಓದಿದ ತಮ್ಮನ ಬಳಿ ಅವರಿಗೆ ಕೊಡಲು ಏನೂ ಇರಲಿಲ್ಲ. ಮುಂದೆ ಅದೇ ಕಾಯಿಲೆ ಅವರಿಗೂ ತಗುಲಿತು. ಆಗ ಗುಣಪಡಿಸಿದವರು ಆಯುರ್ವೇದದಲ್ಲಿ ಹೆಸರಾಗಿದ್ದ ಡಾ. ಆಚಂಟ ಲಕ್ಷ್ಮೀಪತಿ. ಸುಬ್ಬರಾವ್ ಅವರದೇ ಆಯುರ್ವೇದ ಕಾಲೇಜಿನಲ್ಲಿ ಅಂಗರಚನಾಶಾಸ್ತ್ರದ ಅಧ್ಯಾಪಕರಾದರು.

ನನಗೆ ಅನ್ನಿಸುವಂತೆ, ಅವರ ಮುಂದಿನ ಬದುಕಿನ ಬೀಜ ಇಲ್ಲೇ ಇದೆ. ಒಬ್ಬ ವೈದ್ಯನಿಗೆ ಚಿಕಿತ್ಸೆ ಮಾಡುವ ಕೈ ಇದ್ದರೂ ಕೊಡುವ ಔಷಧವೇ ಇಲ್ಲದಿದ್ದರೆ ಏನು ಮಾಡಬೇಕು? ರೋಗಿಯನ್ನು ನೋಡುತ್ತಾ ಕೂರುವ ವೈದ್ಯರಂತೆಯೇ ಆ ಔಷಧವನ್ನು ಹುಡುಕಲು ಹೋಗುವ ವೈದ್ಯರೂ ಬೇಕಲ್ಲವೆ? ಮದ್ರಾಸಿಗೆ ಭೇಟಿ ಕೊಟ್ಟಿದ್ದ ಅಮೆರಿಕದ ವೈದ್ಯರೊಬ್ಬರ ಮಾತಿನಿಂದ ಅಲ್ಲಿಗೆ ಹೋಗುವ ಯೋಚನೆ ಗಟ್ಟಿಯಾಯಿತು. ಕಾಕಿನಾಡದ ಮಲ್ಲಾಡಿ ಸತ್ಯಲಿಂಗ ನಾಯಕರ್ ಧರ್ಮಸಂಸ್ಥೆ ನೆರವಿನ ಭರವಸೆ ನೀಡಿತು, ಉಳಿದ ಹಣವನ್ನು ಮಾವನವರು ಹೊಂದಿಸಿದರು. 1920ರ ದಶಕದ ಆರಂಭದಲ್ಲಿ ಸುಬ್ಬರಾವ್ ಬಾಸ್ಟನ್ ನಗರಕ್ಕೆ ಬಂದಿಳಿದರು. ಒಬ್ಬ ವಿದ್ಯಾರ್ಥಿಯ ಹಡಗಿನ ಖರ್ಚಿಗೆ ನೆರವು ಕೊಡುವುದು ಸಣ್ಣ ಸಂಗತಿಯೆನಿಸಬಹುದು. ಅದು ಎಲ್ಲಿಗೆ ಮುಟ್ಟಿತೆಂದು ಮುಂದೆ ನೋಡೋಣ. ಶಾಸ್ತ್ರ ದಾನವೇ ಔಷಧ ದಾನವಾದ ಉದಾಹರಣೆ ಇದು.

ಹಾರ್ವರ್ಡಿನ ದಿನಗಳು

ಹಾರ್ವರ್ಡ್‌ನಲ್ಲಿ ಅವರು ಉಷ್ಣವಲಯದ ವೈದ್ಯಕೀಯದ ಡಿಪ್ಲೊಮಾ ಪಡೆದರು. ಭಾರತದ ಎಲ್.ಎಂ.ಎಸ್. ಇಟ್ಟುಕೊಂಡು ಅಲ್ಲಿ ವೈದ್ಯವೃತ್ತಿ ನಡೆಸುವಂತಿರಲಿಲ್ಲ. ಹೊಟ್ಟೆಪಾಡಿಗಾಗಿ ಆಸ್ಪತ್ರೆಯೊಂದರಲ್ಲಿ ರಾತ್ರಿ ಪಾಳಿಯ ಸಹಾಯಕನಾಗಿ ರೋಗಿಗಳ ಮಲಮೂತ್ರದ ಪಾತ್ರೆಗಳನ್ನು ತೊಳೆಯುವ ಕೆಲಸ ಮಾಡಿದರು. ವೈದ್ಯ ಪದವಿ ಕೈಯಲ್ಲಿದ್ದವರು ಅಂಥ ಕೆಲಸಕ್ಕೆ ನಿಲ್ಲುವುದು ಸುಲಭವಲ್ಲ. ವೈಯಾವೃತ್ಯದಲ್ಲಿ ಜುಗುಪ್ಸೆ ಇರಕೂಡದು ಎಂದು ನಮ್ಮ ಶಾಸ್ತ್ರಗಳು ನಿರ್ವಿಚಿಕಿತ್ಸಾ ಅಂಗದಲ್ಲಿ ಹೇಳುವುದು ಈ ಸಂದರ್ಭದಲ್ಲಿ ನೆನಪಾಗುತ್ತದೆ.

ಹಗಲಿನಲ್ಲಿ ಜೀವರಸಾಯನ ವಿಭಾಗದಲ್ಲಿ ಸೈರಸ್ ಫಿಸ್ಕ್ ಅವರೊಡನೆ ಸಂಶೋಧನೆ. ರಕ್ತ, ಮೂತ್ರ, ಅಂಗಾಂಶಗಳಲ್ಲಿ ರಂಜಕ ಎಷ್ಟಿದೆ ಎಂದು ಅಳೆಯುವ ಸರಳ ವಿಧಾನವನ್ನು ಇಬ್ಬರೂ 1925ರಲ್ಲಿ ಪ್ರಕಟಿಸಿದರು. ರಂಜಕವಿದ್ದಷ್ಟು ನೀಲಿ ಬಣ್ಣ ಗಾಢವಾಗುತ್ತದೆ. ಬಣ್ಣ ನೋಡಿ ಪ್ರಮಾಣ ಹೇಳಬಹುದು. ಫಿಸ್ಕ್–ಸುಬ್ಬರಾವ್ ವಿಧಾನ ಎಂದೇ ಜೀವರಸಾಯನದ ವಿದ್ಯಾರ್ಥಿಗಳು ಅದನ್ನು ಇಂದಿಗೂ ಕಲಿಯುತ್ತಾರೆ. ಅದೇ ಅಳತೆಗೋಲು ಹಿಡಿದು ಸ್ನಾಯುವನ್ನು ಪರೀಕ್ಷಿಸಿದಾಗ 1927ರಲ್ಲಿ ಫಾಸ್ಫೋಕ್ರಿಯಾಟಿನ್, 1929ರಲ್ಲಿ ಎ.ಟಿ.ಪಿ. ಕಂಡವು. ಎ.ಟಿ.ಪಿ.ಯನ್ನು ಅದೇ ವರ್ಷ ಜರ್ಮನಿಯಲ್ಲಿ ಕಾರ್ಲ್ ಲೋಮನ್ ಕೂಡ ಸ್ವತಂತ್ರವಾಗಿ ಕಂಡುಹಿಡಿದರು. ಜೀವಕೋಶ ಶಕ್ತಿಯನ್ನು ಕೂಡಿಟ್ಟು ಖರ್ಚು ಮಾಡುವ ನಾಣ್ಯವೆಂದು ನಮ್ಮ ಮಕ್ಕಳು ಪ್ರೌಢಶಾಲೆಯಲ್ಲೇ ಓದುವುದು ಇದನ್ನೇ. 1930ರಲ್ಲಿ ಪಿ.ಎಚ್‌ಡಿ. ದೊರೆಯಿತು.

ಇಷ್ಟಾದರೂ ಹಾರ್ವರ್ಡ್ ಅವರಿಗೆ ಕಾಯಂ ಪ್ರಾಧ್ಯಾಪಕ ಸ್ಥಾನ ಕೊಡಲಿಲ್ಲ. ಆಗಿನ ಅಮೆರಿಕದ ಕಾನೂನಿನಲ್ಲಿ ಭಾರತೀಯರಿಗೆ ಪೌರತ್ವವೂ ಇರಲಿಲ್ಲ. ಆ ಬಾಗಿಲು ತೆರೆದದ್ದು 1946ರಲ್ಲಿ. 1930ರ ದಶಕದುದ್ದಕ್ಕೂ ಅವರ ಗಮನ ಯಕೃತ್ತಿನ ಸಾರದ ಮೇಲಿತ್ತು. ಮಾರಕ ರಕ್ತಹೀನತೆಯ ರೋಗಿಗಳು ಪ್ರಾಣಿಯ ಯಕೃತ್ತು ತಿಂದರೆ ಬದುಕುತ್ತಾರೆಂದು ಬಾಸ್ಟನ್‌ನ ವೈದ್ಯರಾದ ಮೈನಾಟ್ ಮತ್ತು ಮರ್ಫಿ ತೋರಿಸಿದ್ದರು. ಆ ಸಾಲಿನ ಕೆಲಸಕ್ಕೆ 1934ರ ನೊಬೆಲ್ ಬಹುಮಾನವೂ ಬಂತು. ಯಕೃತ್ತಿನೊಳಗೆ ಅಂಥದ್ದು ಏನಿದೆ? ಅದನ್ನು ಹೊರತೆಗೆದು ಗುರುತಿಸಲು ಸುಬ್ಬರಾವ್ ಹೊರಟರು. ಸೋದರರನ್ನು ಕೊಂದ ರೋಗದ ಸುಳಿವೂ ಅಲ್ಲೇ ಇದೆಯೆಂಬ ನಂಬಿಕೆ ಅವರಿಗಿತ್ತು.

ಕಂಪನಿಯ ಬಾಗಿಲಲ್ಲಿ

1940ರಲ್ಲಿ ಸುಬ್ಬರಾವ್ ಹಾರ್ವರ್ಡ್ ಬಿಟ್ಟು ನ್ಯೂಯಾರ್ಕ್ ರಾಜ್ಯದ ಪರ್ಲ್ ರಿವರ್ ಎಂಬ ಊರಿನ ಲೆಡರ್ಲೆ ಲ್ಯಾಬೊರೇಟರೀಸ್ ಸೇರಿದರು. 1906ರಲ್ಲಿ ಗಂಟಲಮಾರಿಯ ಪ್ರತಿವಿಷ ತಯಾರಿಕೆಯಿಂದ ಆರಂಭವಾಗಿದ್ದ ಈ ಸಂಸ್ಥೆಯನ್ನು 1930ರಲ್ಲಿ ಅಮೆರಿಕನ್ ಸಯನಮಿಡ್ ಎಂಬ ರಾಸಾಯನಿಕ ಕಂಪನಿ ಕೊಂಡಿತ್ತು. ಅಂದಿನ ವಿದ್ವಾಂಸರ ಕಣ್ಣಿನಲ್ಲಿ ವಿಶ್ವವಿದ್ಯಾಲಯ ಬಿಟ್ಟು ಕಂಪನಿಗೆ ಹೋಗುವುದು ಮೆಟ್ಟಿಲು ಇಳಿದಂತೆ. ವೈದ್ಯರ ಕಣ್ಣಿನಲ್ಲಂತೂ ಇನ್ನೂ ಕೆಳಗೆ.

ಆದರೆ ಅವರಿಗೆ ಬೇಕಿದ್ದದ್ದು ಅಲ್ಲಿತ್ತು. ವಿಶ್ವವಿದ್ಯಾಲಯದ ಒಂದು ಕೊಠಡಿಯಲ್ಲಿ ಇಬ್ಬರು ಸೇರಿ ಒಂದು ಚಿಟಿಕೆ ಪುಡಿ ಬೇರ್ಪಡಿಸಬಹುದು. ಆ ಪುಡಿ ಏನೆಂದು ತಿಳಿದು, ಕೃತಕವಾಗಿ ತಯಾರಿಸಿ, ವಿಷವೋ ಅಲ್ಲವೋ ಪರೀಕ್ಷಿಸಿ, ಕಿಲೋಗಟ್ಟಲೆ ಮಾಡಿ, ದೂರದೂರಿನ ವೈದ್ಯರಿಗೆ ತಲುಪಿಸಿ, ಅವರ ರೋಗಿಗಳಿಂದ ಬಂದ ವರದಿಯನ್ನು ನೋಡಿ ಮತ್ತೆ ತಿದ್ದುವುದಕ್ಕೆ ನೂರಾರು ಕೈಗಳು ಬೇಕು. ರಸಾಯನಜ್ಞರು, ಸೂಕ್ಷ್ಮಜೀವಿ ತಜ್ಞರು, ಕಾರ್ಖಾನೆಯ ಇಂಜಿನಿಯರುಗಳು ಒಂದೇ ಆವರಣದಲ್ಲಿ ಇರಬೇಕು. ಸುಬ್ಬರಾವ್ ಬೇಗನೆ ಸಂಶೋಧನಾ ನಿರ್ದೇಶಕರಾದರು. ಅಲ್ಲಿದ್ದದ್ದು ಎಂಟು ವರ್ಷ ಮಾತ್ರ. ಆ ಎಂಟು ವರ್ಷಗಳಲ್ಲಿ ಹೊರಬಂದದ್ದನ್ನು ನೋಡಿದರೆ ಬೆರಗಾಗುತ್ತದೆ.

ಮೊದಲನೆಯದು ಫೋಲಿಕ್ ಆಮ್ಲ. ಇದರ ಕಥೆಗೆ ನಮ್ಮ ದೇಶದ ನಂಟಿದೆ. ಮುಂಬಯಿಯ ಬಡ ಗರ್ಭಿಣಿಯರ ತೀವ್ರ ರಕ್ತಹೀನತೆ ಯೀಸ್ಟ್ ಸಾರದಿಂದ ವಾಸಿಯಾಗುತ್ತದೆಂದು ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ವೈದ್ಯೆ 1930ರ ಸುಮಾರಿಗೆ ತೋರಿಸಿದ್ದರು. ಯೀಸ್ಟಿನಲ್ಲೂ ಯಕೃತ್ತಿನಲ್ಲೂ ಇರುವ ಆ ವಸ್ತು ಹಸಿರು ಸೊಪ್ಪಿನಲ್ಲೂ ಇದೆ. 1941ರಲ್ಲಿ ಅಮೆರಿಕದ ಟೆಕ್ಸಾಸ್‌ನ ವಿಜ್ಞಾನಿಗಳು ನಾಲ್ಕು ಟನ್ ಪಾಲಕ್ ಸೊಪ್ಪಿನಿಂದ ಅದನ್ನು ತೆಗೆದು, ಎಲೆ ಎಂಬರ್ಥದ ಲ್ಯಾಟಿನ್ ಪದದಿಂದ ಫೋಲಿಕ್ ಎಂದು ಹೆಸರಿಟ್ಟರು. ಲೆಡರ್ಲೆಯ ತಂಡ ಅದರ ರಚನೆಯನ್ನು ಬಿಡಿಸಿ, 1945ರಲ್ಲಿ ಕೃತಕವಾಗಿ ತಯಾರಿಸಿತು. ಪ್ರಬಂಧದಲ್ಲಿ 16 ಮಂದಿಯ ಹೆಸರಿದೆ. ನಿರ್ದೇಶಕರ ಹೆಸರು ಅವುಗಳ ನಡುವೆ ಎಲ್ಲೋ ಒಂದು ಕಡೆ. ಅದು ಅವರ ರೀತಿಯೇ ಆಗಿತ್ತು. ಬಹಳ ಸಲ ಕೀರ್ತಿಯನ್ನು ಸಹೋದ್ಯೋಗಿಗಳಿಗೆ ಬಿಟ್ಟರು. ಅವರ ಹೆಸರು ನಮ್ಮ ಮನೆಗಳಲ್ಲಿ ಅಷ್ಟಾಗಿ ಕೇಳಿಬರದಿರಲು ಅದೂ ಒಂದು ಕಾರಣ.

ಕೃತಕ ಫೋಲಿಕ್ ಆಮ್ಲವನ್ನು ವೈದ್ಯರು ಟ್ರಾಪಿಕಲ್ ಸ್ಪ್ರೂ ರೋಗಿಗಳಿಗೆ ಕೊಟ್ಟಾಗ ರಕ್ತ ತುಂಬಿತು, ನಾಲಿಗೆಯ ಹುಣ್ಣು ಮಾಯಿತು, ಹಸಿವು ಮರಳಿತು. ಸೋದರರಿಗೆ ಕೊಡಲಾಗದ ಔಷಧ ಕೊನೆಗೂ ಸಿಕ್ಕಿತ್ತು, ಎರಡು ದಶಕಗಳಿಗೂ ಹೆಚ್ಚು ತಡವಾಗಿ. ಇಂದು ಗರ್ಭಿಣಿಯರಿಗೆ ಮೊದಲ ತಿಂಗಳುಗಳಲ್ಲಿ ಕೊಡುವ ಫೋಲಿಕ್ ಆಮ್ಲ, ಆರೋಗ್ಯ ಕೇಂದ್ರದಲ್ಲಿ ಉಚಿತವಾಗಿ ಸಿಗುವ ಕಬ್ಬಿಣಾಂಶದ ಮಾತ್ರೆಯೊಳಗಿರುವ ಫೋಲಿಕ್ ಆಮ್ಲ ಇದೇ. ಮಗುವಿನ ಬೆನ್ನುಹುರಿಯ ದೋಷ ತಡೆಯಲು ಇದು ಬೇಕೇ ಬೇಕು.

ಶುದ್ಧ ಸಸ್ಯಾಹಾರಿಗಳಾದ ನಮಗೆ ಇಲ್ಲಿ ಒಂದು ಮುಖ್ಯ ಸಂಗತಿ ಇದೆ. ಸುಬ್ಬರಾವ್ ಹುಡುಕುತ್ತಿದ್ದ ಮಾರಕ ರಕ್ತಹೀನತೆಯ ಮದ್ದು ಫೋಲಿಕ್ ಆಮ್ಲವಾಗಿರಲಿಲ್ಲ. ಅದು ರಕ್ತವನ್ನು ಸರಿಪಡಿಸಿದರೂ ನರಗಳ ಹಾನಿಯನ್ನು ತಡೆಯಲಿಲ್ಲ. ನಿಜವಾದ ಮದ್ದು ವಿಟಮಿನ್ ಬಿ12. ಅದರ ಹರಳುಗಳನ್ನು 1948ರಲ್ಲಿ ಬೇರೆ ಎರಡು ಕಂಪನಿಗಳು ಬೇರ್ಪಡಿಸಿದವು. ನಮ್ಮ ಮನೆಗಳಲ್ಲಿ ಹಿರಿಯರು ಕೈಕಾಲು ಜೋಮು, ಸುಸ್ತು, ಮರೆವು ಎಂದಾಗ ಬರೀ ಫೋಲಿಕ್ ಆಮ್ಲದ ಮಾತ್ರೆ ನುಂಗಿ ಸುಮ್ಮನಾಗಬಾರದು, ಬಿ12 ಪರೀಕ್ಷೆಯನ್ನೂ ಮಾಡಿಸಬೇಕು ಎಂದು ವೈದ್ಯರು ಹೇಳುವುದು ಇದಕ್ಕೇ. ಹಾಲು, ಮೊಸರಿನಲ್ಲಿ ಬಿ12 ಇದೆ. ಅವನ್ನೂ ಬಿಟ್ಟವರಿಗೆ ಕೊರತೆ ಹೆಚ್ಚು. ಮಾತ್ರೆಯ ಬಿ12 ಇಂದು ಯಕೃತ್ತಿನಿಂದ ಬರುವುದಿಲ್ಲ, ಬ್ಯಾಕ್ಟೀರಿಯಾಗಳ ಹುದುಗುವಿಕೆಯಿಂದ ತಯಾರಾಗುತ್ತದೆ.

ಹಿಂಸೆಯ ಪ್ರಶ್ನೆ

ಇದನ್ನು ಬಿಟ್ಟು ಮುಂದೆ ಹೋದರೆ ನಮ್ಮ ಓದುಗರಿಗೆ ಮೋಸ ಮಾಡಿದಂತೆ. ಯಕೃತ್ತಿನ ಸಾರ ಪ್ರಾಣಿವಧೆಯಿಂದ ಬಂದದ್ದು. ಆನೆಕಾಲಿನ ಮದ್ದನ್ನು ಮೊದಲು ಪರೀಕ್ಷಿಸಿದ್ದು ಕಾಟನ್ ರ‍್ಯಾಟ್ ಎಂಬ ಇಲಿಗಳ ಮೇಲೆ. ಒಂಬತ್ತನೆಯ ಶತಮಾನದ ರಾಷ್ಟ್ರಕೂಟರ ಕಾಲದಲ್ಲಿ ಉಗ್ರಾದಿತ್ಯಾಚಾರ್ಯರು ಮಾಂಸ, ಮದ್ಯ, ಮಧುಗಳಿಲ್ಲದ ವೈದ್ಯಗ್ರಂಥವಾಗಿ ಕಲ್ಯಾಣಕಾರಕವನ್ನು ರಚಿಸಿ, ನೃಪತುಂಗನ ಸಭೆಯಲ್ಲಿ ಮಾಂಸಭಕ್ಷಣೆಯ ವಿರುದ್ಧ ವಾದಿಸಿದ್ದರು. ಹನ್ನೆರಡನೆಯ ಶತಮಾನದಲ್ಲಿ ಜಗದ್ದಳ ಸೋಮನಾಥ ಕಲ್ಯಾಣಕಾರಕದ ಪರಂಪರೆಯನ್ನು ಕನ್ನಡಕ್ಕೆ ತಂದ. ಅಂಥ ವೈದ್ಯಪರಂಪರೆಯ ವಾರಸುದಾರರು ಸುಬ್ಬರಾವ್ ಅವರ ಪ್ರಯೋಗಶಾಲೆಯನ್ನು ಕಣ್ಣು ಮುಚ್ಚಿ ಹೊಗಳಲಾರರು.

ಆದರೂ ಇನ್ನೊಂದು ಮಗ್ಗುಲಿದೆ. ಯಕೃತ್ತಿನ ಸಾರದ ಚುಚ್ಚುಮದ್ದು ಔಷಧ ಅಂಗಡಿಗಳಲ್ಲಿ ಮಾಮೂಲಾಗಿದ್ದ ಕಾಲವೊಂದಿತ್ತು. ವ್ರತಿಗಳು ಅದನ್ನು ಒಲ್ಲೆನೆಂದರೆ ವೈದ್ಯರ ಬಳಿ ಬೇರೆ ದಾರಿ ಇರುತ್ತಿರಲಿಲ್ಲ. ವಸ್ತುವನ್ನು ಗುರುತಿಸಿ, ರಾಸಾಯನಿಕವಾಗಿ ಕಟ್ಟುವುದನ್ನು ಕಲಿತ ಮೇಲೆ ಆ ಕೆಲಸಕ್ಕೆ ಯಕೃತ್ತೇ ಬೇಡವಾಯಿತು. ಸುಬ್ಬರಾವ್ ಅಹಿಂಸೆಯ ಗುರಿಯಿಂದ ಇದನ್ನು ಮಾಡಿದರೆಂದು ನಾನು ಹೇಳುತ್ತಿಲ್ಲ. ಫಲ ಮಾತ್ರ ಹಾಗೆ ಬಂತು. ಇಂದು ಕಂಪನಿಗಳಲ್ಲಿ ಕೆಲಸ ಮಾಡುವ ನಮ್ಮ ಯುವ ವೈದ್ಯರಿಗೆ ಜೆಲಟಿನ್ ಇಲ್ಲದ ಕ್ಯಾಪ್ಸೂಲ್, ಪ್ರಾಣಿಗಳಿಲ್ಲದ ಪರೀಕ್ಷಾ ವಿಧಾನ ಎಂಬ ವಿಷಯಗಳ ಬಗ್ಗೆ ಒಳಗಿನಿಂದಲೇ ಮಾತಾಡುವ ಅವಕಾಶವಿದೆ. ಕ್ಲಿನಿಕ್ಕಿನಲ್ಲಿ ಕುಳಿತ ವೈದ್ಯರು ಬಂದ ಔಷಧವನ್ನು ಬರೆದುಕೊಡಬಲ್ಲರು, ಅಷ್ಟೆ.

ಸೊಪ್ಪಿನ ಆಮ್ಲದಿಂದ ಕ್ಯಾನ್ಸರಿಗೆ

ಬಾಸ್ಟನ್‌ನ ಮಕ್ಕಳ ಆಸ್ಪತ್ರೆಯ ಸಿಡ್ನಿ ಫಾರ್ಬರ್ ಎಂಬ ವೈದ್ಯರು ರಕ್ತ ಕ್ಯಾನ್ಸರಿನ ಮಕ್ಕಳಿಗೆ ಫೋಲಿಕ್ ಆಮ್ಲದ ಸಂಬಂಧಿ ವಸ್ತುಗಳನ್ನು ಕೊಟ್ಟಾಗ ರೋಗ ಇನ್ನೂ ಕೆರಳಿದಂತೆ ಕಂಡಿತು. ಹಾಗಾದರೆ ಫೋಲಿಕ್ ಆಮ್ಲದಂತೆಯೇ ತೋರಿ, ಅದರ ಕೆಲಸವನ್ನು ತಡೆಯುವ ವಸ್ತುವೊಂದು ಸಿಕ್ಕರೆ? ಕೀಲಿಯಂತೆ ರಂಧ್ರಕ್ಕೆ ಹೋಗಬೇಕು, ಬೀಗ ಮಾತ್ರ ತೆರೆಯಬಾರದು. ಸುಬ್ಬರಾವ್ ಅವರ ತಂಡ ಅಂಥ ವಸ್ತುಗಳನ್ನು ತಯಾರಿಸಿ ಫಾರ್ಬರ್ ಅವರಿಗೆ ಕಳುಹಿಸಿತು. ಅವುಗಳಲ್ಲೊಂದು ಅಮಿನೊಪ್ಟೆರಿನ್. ಅದನ್ನು ಮೊದಲು ಕೊಟ್ಟದ್ದು 1947ರ ಡಿಸೆಂಬರ್ ಕೊನೆಯಲ್ಲಿ. 1948ರ ಜೂನ್‌ನಲ್ಲಿ ಪ್ರಕಟವಾದ ವರದಿಯಲ್ಲಿ 16 ಮಕ್ಕಳ ಪೈಕಿ 10 ಮಕ್ಕಳಲ್ಲಿ ರೋಗ ಹಿಮ್ಮೆಟ್ಟಿತ್ತು.

ಆ ಚೇತರಿಕೆ ತಾತ್ಕಾಲಿಕವಾಗಿತ್ತು. ರೋಗ ಮರಳಿ ಬಂತು. ಆದರೂ ಅದುವರೆಗೆ ಆ ಮಕ್ಕಳಿಗೆ ಕೊಡಲು ಏನೂ ಇರಲಿಲ್ಲ. ಮದ್ದಿನಿಂದ ಆ ರೋಗವನ್ನು ಹಿಂದೆ ಸರಿಸಬಹುದೆಂದು ತಿಳಿದದ್ದೇ ಅಂದು. ಅಮಿನೊಪ್ಟೆರಿನ್‌ನ ಸೋದರ ಮೆಥೊಟ್ರೆಕ್ಸೇಟ್. ರಕ್ತ ಕ್ಯಾನ್ಸರಿನ ಮಕ್ಕಳ ಚಿಕಿತ್ಸೆಯಲ್ಲಿ ಅದು ಇಂದಿಗೂ ಇದೆ. ಕೀಲುವಾತಕ್ಕೆ, ಸೋರಿಯಾಸಿಸ್‌ಗೆ ವಾರಕ್ಕೊಮ್ಮೆ ನುಂಗುವ ಆ ಪುಟ್ಟ ಮಾತ್ರೆ ನಮ್ಮಲ್ಲಿ ಅನೇಕರಿಗೆ ಪರಿಚಿತ. ವಾರಕ್ಕೊಮ್ಮೆಯ ಮಾತ್ರೆಯನ್ನು ತಪ್ಪಿ ದಿನವೂ ನುಂಗಿದರೆ ಪ್ರಾಣಕ್ಕೇ ಅಪಾಯ, ಎಚ್ಚರವಿರಲಿ.

ಇನ್ನೊಂದು ಕಡೆ, ಪ್ರಾಧ್ಯಾಪಕ ವೃತ್ತಿಯಿಂದ ನಿವೃತ್ತರಾಗಿ ಎಪ್ಪತ್ತು ದಾಟಿದ್ದ ಸಸ್ಯವಿಜ್ಞಾನಿ ಬೆಂಜಮಿನ್ ಡಗ್ಗರ್ ಲೆಡರ್ಲೆಯಲ್ಲಿ ಮಣ್ಣಿನ ಸೂಕ್ಷ್ಮಜೀವಿಗಳ ಹುಡುಕಾಟ ನಡೆಸಿದ್ದರು. ಊರೂರಿನ ಮಣ್ಣು ತರಿಸಿ ಪರೀಕ್ಷಿಸುವಾಗ, ಮಿಸೌರಿಯ ಹೊಲವೊಂದರ ಮಣ್ಣಿನಲ್ಲಿ ಹೊನ್ನಬಣ್ಣದ ವಸ್ತು ಕೊಡುವ ಜೀವಿ ಸಿಕ್ಕಿತು. ಅದೇ ಆರಿಯೋಮೈಸಿನ್, ಟೆಟ್ರಾಸೈಕ್ಲಿನ್ ಗುಂಪಿನ ಮೊದಲ ಔಷಧ. ಜಗತ್ತಿಗೆ ಘೋಷಣೆಯಾದದ್ದು 1948ರಲ್ಲಿ. 1994ರಲ್ಲಿ ಸೂರತ್ ನಗರದಲ್ಲಿ ಪ್ಲೇಗ್ ಭೀತಿ ಹಬ್ಬಿದಾಗ ಅಲ್ಲಿನ ಸಾವಿರಾರು ಜೈನ ಕುಟುಂಬಗಳೂ ಸೇರಿದಂತೆ ಇಡೀ ಊರು ಟೆಟ್ರಾಸೈಕ್ಲಿನ್‌ಗಾಗಿ ಔಷಧ ಅಂಗಡಿಗಳ ಮುಂದೆ ನಿಂತಿತ್ತು. ನಮ್ಮ ಕರಾವಳಿ, ಮಲೆನಾಡುಗಳಲ್ಲಿ ಇಲಿಜ್ವರಕ್ಕೆ ಕೊಡುವ ಡಾಕ್ಸಿಸೈಕ್ಲಿನ್ ಇದೇ ವಂಶದ್ದು.

ರಾತ್ರಿ ರಕ್ತ ಪರೀಕ್ಷೆಯ ರೋಗ

ಎರಡನೆಯ ಮಹಾಯುದ್ಧದಲ್ಲಿ ಪೆಸಿಫಿಕ್ ದ್ವೀಪಗಳಿಗೆ ಹೋದ ಅಮೆರಿಕದ ಸೈನಿಕರಿಗೆ ಆನೆಕಾಲಿನ ಹುಳು ತಗುಲಿತು. ಆಂಧ್ರದ ಕರಾವಳಿಯಲ್ಲಿ ಹುಟ್ಟಿದ ಸುಬ್ಬರಾವ್ ಅವರಿಗೆ ಆ ರೋಗದ ಪರಿಚಯ ಪುಸ್ತಕದಿಂದ ಆಗಬೇಕಿರಲಿಲ್ಲ. ಸೊಳ್ಳೆಯಿಂದ ಹರಡುವ ಈ ಹುಳುವಿನ ಮರಿಗಳು ಹಗಲು ಅಡಗಿದ್ದು ರಾತ್ರಿ ರಕ್ತದಲ್ಲಿ ಹರಿದಾಡುತ್ತವೆ. ಅದಕ್ಕೇ ಆರೋಗ್ಯ ಇಲಾಖೆಯವರು ರಾತ್ರಿ ಎಂಟರ ನಂತರ ಬಂದು ರಕ್ತ ತೆಗೆಯುತ್ತಿದ್ದದ್ದು. ಅದುವರೆಗೆ ಇದ್ದ ಮದ್ದುಗಳು ವಿಷಪ್ರಾಯವಾಗಿದ್ದವು. ಲೆಡರ್ಲೆಯಲ್ಲಿ ರೆಡ್ಜಿನಲ್ ಹ್ಯೂವಿಟ್ ಮತ್ತು ಸಂಗಡಿಗರು ವಸ್ತುವಿನ ಮೇಲೆ ವಸ್ತು ಪರೀಕ್ಷಿಸಿ, ಬಾಯಿಯಿಂದ ನುಂಗಬಹುದಾದ ಡೈಈಥೈಲ್ ಕಾರ್ಬಮಜೀನ್ ಎಂಬ ಮದ್ದನ್ನು ಕಂಡುಕೊಂಡರು. ಪೋರ್ಟೊ ರಿಕೊದ ರೋಗಿಗಳಿಗೆ ಕೊಟ್ಟಾಗ ರಕ್ತದಲ್ಲಿನ ಮರಿಹುಳುಗಳು ಮಾಯವಾದವು. 1947ರಲ್ಲಿ ಎರಡೂ ವರದಿಗಳು ಪ್ರಕಟವಾದವು. ಕಂಪನಿ ಇಟ್ಟ ಹೆಸರು ಹೆಟ್ರಜಾನ್, ನಮಗೆ ಡಿ.ಇ.ಸಿ. 1955ರಲ್ಲಿ ಭಾರತ ಸರ್ಕಾರ ಆರಂಭಿಸಿದ ಫೈಲೇರಿಯಾ ನಿಯಂತ್ರಣ ಕಾರ್ಯಕ್ರಮಕ್ಕೆ ಇದೇ ಆಧಾರ. ಊದಿಕೊಂಡು ಗಟ್ಟಿಯಾದ ಕಾಲನ್ನು ಇದು ಮೊದಲಿನಂತೆ ಮಾಡಲಾರದು. ಹುಳು ಮುಂದಿನವರಿಗೆ ಹರಡುವುದನ್ನು ತಡೆಯುತ್ತದೆ.

ಮನೆಯವರು

ಇಷ್ಟನ್ನು ಹೇಳಿ, ಅವರ ಮನೆಯ ಮಾತು ಬಿಟ್ಟರೆ ಅರ್ಧ ಕಥೆಯಾದೀತು. ಅಮೆರಿಕಕ್ಕೆ ಹೊರಟಾಗ ಅವರ ಪತ್ನಿ ತುಂಬ ಚಿಕ್ಕವರು. ಗಂಡ ಹೋದ ಮೇಲೆ ಹುಟ್ಟಿದ ಗಂಡುಮಗು ಶೈಶವದಲ್ಲೇ ತೀರಿಕೊಂಡಿತು. ತಂದೆ ಮಗುವಿನ ಮುಖವನ್ನೂ ನೋಡಲಿಲ್ಲ. ಕೆಲವೇ ವರ್ಷಗಳಲ್ಲಿ ಬರುತ್ತೇನೆಂದು ಹೋದವರು ಮತ್ತೆ ಭಾರತಕ್ಕೆ ಬರಲೇ ಇಲ್ಲ. ಸನ್ಯಾಸಕ್ಕೆ ತಾಯಿ ಒಪ್ಪದಿದ್ದರೂ, ಕೊನೆಗೆ ಅವರು ಬದುಕಿದ್ದು ಸನ್ಯಾಸಿಯ ಹಾಗೆಯೇ ಎಂದು ಕೆಲವರು ಹೊಗಳುತ್ತಾರೆ. ನನಗೆ ಆ ಹೊಗಳಿಕೆ ಪೂರ್ತಿ ರುಚಿಸುವುದಿಲ್ಲ. ಸನ್ಯಾಸಿ ಒಪ್ಪಿಗೆ ಕೇಳಿ ಹೊರಡುತ್ತಾನೆ. ಶೇಷಗಿರಿಯಮ್ಮ ಒಪ್ಪಿದ್ದು ಕೆಲವು ವರ್ಷಗಳ ಓದಿಗೆ. ಕಳೆದದ್ದು ಇಡೀ ಬಾಳು.

1948ರ ಆಗಸ್ಟ್ 8ರ ರಾತ್ರಿ ಮಲಗಿದ ಸುಬ್ಬರಾವ್ ನಿದ್ರೆಯಲ್ಲೇ ಹೃದಯ ಸ್ತಂಭನದಿಂದ ತೀರಿಕೊಂಡರು. ವಯಸ್ಸು 53. ಅಮೆರಿಕದ ಪೌರತ್ವ ಪಡೆದಿರಲಿಲ್ಲ. ಭಾರತ ಸ್ವತಂತ್ರವಾಗಿ ಒಂದು ವರ್ಷ ತುಂಬಲು ಒಂದು ವಾರ ಉಳಿದಿತ್ತು. ಆರಿಯೋಮೈಸಿನ್ ಆಗಷ್ಟೇ ಹೊರಬಂದಿತ್ತು, ಫಾರ್ಬರ್ ಅವರ ವರದಿಗೆ ಎರಡು ತಿಂಗಳಾಗಿತ್ತು.

1953ರಲ್ಲಿ ಹೊಸದಾಗಿ ಗುರುತಿಸಿದ ಶಿಲೀಂಧ್ರವೊಂದಕ್ಕೆ ಸುಬ್ಬರೋಮೈಸಿಸ್ ಸ್ಪ್ಲೆಂಡೆನ್ಸ್ ಎಂದು ಅವರ ಹೆಸರಿಡಲಾಯಿತು. ಜನ್ಮಶತಮಾನೋತ್ಸವದ 1995ರಲ್ಲಿ ಭಾರತದ ಅಂಚೆ ಇಲಾಖೆ ಅವರ ಚಿತ್ರವಿರುವ ಅಂಚೆಚೀಟಿ ಹೊರತಂದಿತು. ಡಿ.ಇ.ಸಿ. ಈಗ ಯಾವ ಒಂದು ಕಂಪನಿಯ ಸ್ವತ್ತೂ ಅಲ್ಲ. ಜಪಾನಿನ ಐಸಾಯ್ ಎಂಬ ಔಷಧ ಕಂಪನಿ ಸುಬ್ಬರಾವ್ ಅವರ ಆಂಧ್ರದಲ್ಲೇ, ವಿಶಾಖಪಟ್ಟಣದ ತನ್ನ ಕಾರ್ಖಾನೆಯಲ್ಲಿ ಅದನ್ನು ತಯಾರಿಸಿ, ಆನೆಕಾಲು ರೋಗವಿರುವ ಬಡ ದೇಶಗಳಿಗಾಗಿ ವಿಶ್ವ ಆರೋಗ್ಯ ಸಂಸ್ಥೆಗೆ ಬೆಲೆಯಿಲ್ಲದೆ ಕೊಡುತ್ತಿದೆ.